ಪರದೆ ಅಕ್ಕ ಕೇಳಿದ ಮೂರು ಪೆಟ್ಟಿಗೆಗಳು

ಕಿಟಕಿ ಬಾಗಿಲುಗಳಿಗೆ ಪರದೆ ಹೊಲಿಯುವುದು ಕಸುಬಾದ್ದರಿಂದ ಆಕೆಯನ್ನು ಎಲ್ಲರೂ ಪರದೆ ಅಕ್ಕ ಎಂದೇ ಕರೆಯುತ್ತಿದ್ದರು. ವಯಸ್ಸು ಐವತ್ತೆರಡು. ಕೊರಳಲ್ಲಿ ಸದಾ ಅಳತೆಯ ಟೇಪು, ಅಂಗಿಯ ಕಾಲರಿಗೆ ಚುಚ್ಚಿದ ನಾಲ್ಕಾರು ಗುಂಡುಪಿನ್ನು. ಯಾವ ಕೋಣೆಗೆ ಕಾಲಿಟ್ಟರೂ ಮೊದಲು ಕಿಟಕಿಯ ಅಗಲವನ್ನು ಕಣ್ಣಲ್ಲೇ ಅಳೆದುಬಿಡುತ್ತಿದ್ದಳು. ಗಂಡ ಸಿಟಿ ಬಸ್ಸಿನ ಡ್ರೈವರು. "ನಾವಿಬ್ಬರೂ ಪೇಟೆಗೆ ಹೋದರೆ ನಾನು ಅಂಗಡಿ ನೋಡ್ತೀನಿ, ಇವಳು ಅಂಗಡಿಯ ಕಿಟಕಿ ನೋಡ್ತಾಳೆ" ಎಂದು ಜೊತೆಯವರ ಮುಂದೆ ನಗೆಯಾಡುತ್ತಿದ್ದ.

ಆಕೆ ಕನಸುಗಣ್ಣಿನ ಹೆಂಗಸು. ಹೊಲಿಗೆ ಮಿಷನ್ನಿನ ಮುಂದೆ ಕೂತಳೆಂದರೆ ಎರಡು ಸಲ ಕೂಗಿದರೂ ತಿರುಗುತ್ತಿರಲಿಲ್ಲ, ಮೂರನೆಯದಕ್ಕೆ "ಆಂ?" ಎನ್ನುತ್ತಿದ್ದಳು. ಕಿವಿ ಮಂದವಾಗಿತ್ತು ಅಂತಲ್ಲ. ಆ ಹೊತ್ತಿಗೆ ಅವಳ ಕಿವಿ ಎಲ್ಲೋ ತಿರುಗಾಡಲು ಹೋಗಿರುತ್ತಿತ್ತು. ಪಕ್ಕದ ಮನೆಯಲ್ಲಿ ಚಮಚ ಬಿದ್ದದ್ದು, ಮಹಡಿಯ ಮೇಲೆ ಯಾರೋ ಕುರ್ಚಿ ಎಳೆದದ್ದು, ದೂರದ ತಿರುವಿನಲ್ಲಿ ಬಸ್ಸು ಗೇರು ಬದಲಿಸಿದ್ದು, ಇವೆಲ್ಲದರ ಹಿಂದೆಯೇ ನಡೆದುಹೋಗಿ, ಒಂದು ಸುತ್ತು ಸುತ್ತಿ, ನಿಧಾನವಾಗಿ ಮರಳುತ್ತಿತ್ತು.

ಅಂಥವಳಿಗೆ ಒಂದು ದಿನ ಊರ ನಡುವಿನ ಆಡಿಯೊ ಅಂಗಡಿಯಿಂದ ಕರೆ ಬಂತು. ದುಬಾರಿ ಸ್ಪೀಕರು, ಆಂಪ್ಲಿಫೈಯರು ಮಾರುವ ಅಂಗಡಿ. ಅದರ ಹಿಂಭಾಗದಲ್ಲಿ ಗಿರಾಕಿಗಳು ಕೂತು ಹಾಡು ಕೇಳುವುದಕ್ಕೆಂದೇ ಒಂದು ಕೋಣೆ. ಗೋಡೆಗೆ ದನಿ ಬಡಿದು ವಾಪಸು ಬರುತ್ತದೆ, ಮೂರು ಗೋಡೆಗೂ ದಪ್ಪ ಪರದೆ ಬೇಕು ಎಂದ ಮಾಲೀಕ. ನಲವತ್ತು ದಾಟಿದ, ಸಣ್ಣಗೆ ಮೀಸೆ ಬಿಟ್ಟ ಮನುಷ್ಯ. ಮಾತು ಶುರುಮಾಡಿದರೆ ನಿಲ್ಲಿಸುವುದು ಕಷ್ಟ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವ ಹಾಗೆ ಅಂಗಡಿಯ ಒಂದೊಂದು ಪೆಟ್ಟಿಗೆಯನ್ನೂ ಅಂಗೈಯಿಂದ ಸವರಿಯೇ ಮಾತಾಡಿಸುತ್ತಿದ್ದ.

ಪರದೆ ಅಕ್ಕ ಏಣಿ ಹತ್ತಿ, ಕಂಬಿಗೆ ಕೊಕ್ಕೆ ಸಿಕ್ಕಿಸುತ್ತಿದ್ದ ಮಧ್ಯಾಹ್ನ ಕೋಣೆಯಲ್ಲಿ ಒಬ್ಬ ಗಿರಾಕಿ ಇದ್ದರು, ಊರಿನ ಕಣ್ಣಿನ ಡಾಕ್ಟರು. ಅವರ ಮುಂದೆ ಮೂರು ಪೆಟ್ಟಿಗೆಗಳು. ಒಂದು ಕರಿಯದು, ಒಂದು ಬೆಳ್ಳಿಬಣ್ಣದ್ದು, ಇನ್ನೊಂದರ ಎರಡೂ ಪಕ್ಕಕ್ಕೆ ಮರದ ಹಲಗೆ. ಮಾಲೀಕ ವಿವರಿಸುತ್ತಿದ್ದ:

"ಈಗಿನ ಹಾಡೆಲ್ಲ ಬರೀ ಅಂಕಿ ಡಾಕ್ಟರೇ. ಕಂಪ್ಯೂಟರಿನೊಳಗೆ ಸೊನ್ನೆ, ಒಂದು, ಸೊನ್ನೆ, ಒಂದು ಅಂತ ಕೂತಿರತ್ತೆ. ಅಂಕಿ ಕಿವಿಗೆ ಕೇಳತ್ತಾ? ಇಲ್ಲ. ಅದನ್ನ ಮತ್ತೆ ದನಿಯ ಅಲೆ ಮಾಡೋದು ಈ ಪೆಟ್ಟಿಗೆ. ಕನ್ವರ್ಟರ್ ಅಂತಾರೆ. ಅಂಕಿ ಒಂದೇ ಆದ್ರೂ ಒಂದೊಂದು ಪೆಟ್ಟಿಗೆ ಒಂದೊಂದು ಥರ ಹಾಡತ್ತೆ."

ದೀಪ ಸಣ್ಣದು ಮಾಡಿ ಒಂದು ಹಾಡು ಹಾಕಿದ. ಒಬ್ಬ ಹೆಂಗಸಿನ ಕಂಠ, ಹಿಂದೆ ಪಿಯಾನೊ, ಅದಕ್ಕೂ ಹಿಂದೆ ಎಲ್ಲೋ ದೊಡ್ಡ ಪಿಟೀಲಿನಂಥ ಒಂದು ಚೆಲ್ಲೊ. ಪರದೆ ಅಕ್ಕ ಕೊಕ್ಕೆ ಹಿಡಿದ ಕೈಯನ್ನು ಹಾಗೆಯೇ ನಿಲ್ಲಿಸಿದಳು. ಮುಖ ಗೋಡೆ ಕಡೆಗಿದ್ದರೂ ಬೆನ್ನ ಹಿಂದಿನ ಆ ಮಬ್ಬು ಕೋಣೆ ನೀರಿನ ತಳದ ಹಾಗಿತ್ತು. ಹಾಡುವವಳು ಆ ನೀರಲ್ಲಿ ತೇಲುತ್ತ ಬಂದು ಏಣಿಯ ಕೆಳಗೆ ನಿಂತಳು ಅನ್ನಿಸಿತು. ನಾಲ್ಕು ಸಾಲು ಮುಗಿದ ಮೇಲೆ ಮಾಲೀಕ ಸದ್ದಿಲ್ಲದೆ ಒಂದು ಗುಂಡಿ ಒತ್ತಿದ.

"ಅಯ್ಯೋ" ಎಂದಳು ಪರದೆ ಅಕ್ಕ ಮೇಲಿನಿಂದ, "ಈಗ ಯಾಕೆ ಗಂಜಿ ಹಾಕಿದ ಬಟ್ಟೆ ಥರ ಆಯ್ತು? ಮೊದಲಿನದು ಮಖಮಲ್ಲು ಇತ್ತಲ್ಲ?"

ಇಬ್ಬರೂ ತಲೆ ಎತ್ತಿ ನೋಡಿದರು. ಆಕೆ ನಾಲಿಗೆ ಕಚ್ಚಿಕೊಂಡಳು.

"ನೀವು ಹೇಳಿದ್ದು ನಿಜ ಅಕ್ಕಾ" ಎಂದ ಮಾಲೀಕ, ದನಿಯನ್ನೇ ತಗ್ಗಿಸಿ. "ಮೊದಲು ಬೆಳ್ಳಿದು ಹಾಡ್ತಿತ್ತು. ಈಗ ಕರೀದು. ನಾನು ಬದಲಾಯಿಸಿದ್ದನ್ನ ನೋಡಿದ್ರಾ?"

"ನಾನೆಲ್ಲಿ ನೋಡ್ಲಿ, ನನ್ನ ಮುಖ ಗೋಡೆ ಕಡೆ ಇತ್ತು."

ಮರದ ಹಲಗೆಯದನ್ನೂ ಹಾಕಿ ಕೇಳಿಸಿದ. ಅವಳು ಕಣ್ಣು ಮುಚ್ಚಿ ಕೇಳಿ, "ಇದು ತುಂಬಾ ಸಲ ಒಗೆದ ಹತ್ತಿ. ಅಂಚೆಲ್ಲ ಮೆತ್ತಗಾಗಿದೆ" ಎಂದಳು. ಕಣ್ಣಿನ ಡಾಕ್ಟರು ನಕ್ಕು, "ಹಾಗಾದ್ರೆ ನನಗೆ ಮಖಮಲ್ಲೇ ಇರಲಿ" ಎಂದು ಬೆಳ್ಳಿಯ ಪೆಟ್ಟಿಗೆಯಂಥದೇ ಹೊಸತೊಂದನ್ನು ಕಟ್ಟಿಸಿಕೊಂಡು ಹೋದರು.

ಅಂದಿನಿಂದ ಪರದೆ ಅಕ್ಕನಿಗೆ ಎರಡನೆಯ ಕಸುಬು ಹತ್ತಿಕೊಂಡಿತು. ಶನಿವಾರ ಮಧ್ಯಾಹ್ನ ಅಂಗಡಿಗೆ ಬರುವುದು, ತಾನೇ ಹೊಲಿದ ಪರದೆಗಳ ನಡುವೆ ಮೆತ್ತನೆಯ ಕುರ್ಚಿಯಲ್ಲಿ ಕೂರುವುದು, ಪೆಟ್ಟಿಗೆಗಳನ್ನು ಒಂದಾದ ಮೇಲೊಂದು ಕೇಳುವುದು. ಅವಳು ಹೇಳಿದ್ದನ್ನು ಮಾಲೀಕ ದುಂಡಗಿನ ಅಕ್ಷರದಲ್ಲಿ ಬರೆದು ಒಂದೊಂದು ಪೆಟ್ಟಿಗೆಯ ಮುಂದೆ ಚೀಟಿ ನಿಲ್ಲಿಸುತ್ತಿದ್ದ. 'ಮಖಮಲ್ಲು'. 'ಗಂಜಿ ಹಾಕಿ ಇಸ್ತ್ರಿ ಮಾಡಿದ ಹತ್ತಿ'. ಗಿರಾಕಿಗಳಿಗೆ ಅದೇ ಒಂದು ಮೋಜು. ಚೀಟಿ ಓದಿ ಕಣ್ಣು ಮುಚ್ಚಿ ಕೇಳಿ, "ಹೌದಲ್ಲ!" ಎನ್ನುವವರು. ಹಾಡು ಕೇಳುತ್ತ ಕೇಳುತ್ತ ಆಕೆಗೆ ಆ ಕೋಣೆಯ ನಾಲ್ಕು ಮೂಲೆಗಳೇ ಮರೆತುಹೋಗುತ್ತಿದ್ದವು. ಪಿಯಾನೊದ ಒಂದೊಂದು ಸ್ವರವೂ ಒಂದೊಂದು ಬಾಗಿಲು. ಒಳಗೆ ಹೋದರೆ ಇನ್ನೊಂದು ಕೋಣೆ, ಅಲ್ಲಿ ಯಾರೋ ಈಗಷ್ಟೇ ಎದ್ದು ಹೋದ ಬಿಸುಪು. ಎದ್ದು ಮನೆಗೆ ಬರುವಾಗ ದಾರಿಯ ಸದ್ದುಗಳೂ ಅರ್ಧ ಕನಸಿನೊಳಗೇ ಇರುತ್ತಿದ್ದವು.

"ಏನೇ, ಹಾಡು ಕೇಳೋಕೂ ಸಂಬಳ ಕೊಡ್ತಾರಾ?" ಎಂದ ಗಂಡ. "ನಾನು ಮೂವತ್ತು ವರ್ಷದಿಂದ ಹಾರ್ನ್ ಕೇಳ್ತಿದೀನಿ, ನನಗ್ಯಾರೂ ಕೊಡಲ್ಲ."

"ನೀವು ಹೊಡೆಯೋ ಹಾರ್ನನ್ನೇ ಕೇಳ್ತೀರಲ್ಲ, ಅದಕ್ಕೆ" ಎಂದಳು ಆಕೆ.

ಇದಕ್ಕೆಲ್ಲ ತಲೆಯಾಡಿಸದೆ ದೂರ ನಿಂತವಳು ಒಬ್ಬಳೇ, ಮಾಲೀಕನ ತಂಗಿ. ಅಂಗಡಿಯ ಪಕ್ಕದ ಚಿಕ್ಕ ಕೋಣೆಯಲ್ಲಿ ಕೆಟ್ಟ ಯಂತ್ರಗಳನ್ನು ಬಿಚ್ಚಿ ರಿಪೇರಿ ಮಾಡುತ್ತಿದ್ದಳು. ಬೆಸುಗೆಯ ಹೊಗೆಗೆ ಸದಾ ಕೆಂಪಾದ ಕಣ್ಣು. ಮಾತು ಕಡಿಮೆ, ಆಡಿದರೆ ನೇರ. ಒಂದು ಶನಿವಾರ ಚಹಾ ತಂದುಕೊಟ್ಟು ಪರದೆ ಅಕ್ಕನ ಎದುರು ಕೂತು ಕೇಳಿದಳು:

"ಅಕ್ಕಾ, ಬೇಜಾರು ಮಾಡ್ಕೋಬೇಡಿ. ದನಿ ಕೇಳಿದ್ರೆ ನಿಮಗೆ ಬಟ್ಟೆ ಹೇಗೆ ನೆನಪಾಗತ್ತೆ?"

ಪರದೆ ಅಕ್ಕ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಯಾರಿಗೂ ಹೇಳದಿದ್ದುದನ್ನು ಹೇಳಿದಳು.

ಅವಳ ಅಮ್ಮನೂ ಹೊಲಿಗೆಯವಳೇ. ಇವಳಿಗೆ ಏಳು ವರ್ಷವಾಗಿದ್ದಾಗ ಅಮ್ಮನಿಗೆ ಒಂದು ಕೆಟ್ಟ ಜ್ವರ ಬಂದು, ಜ್ವರ ಇಳಿಯುವಾಗ ಕಿವಿಯನ್ನೂ ತೆಗೆದುಕೊಂಡು ಹೋಯಿತು. ಮೊದಲ ದಿನಗಳಲ್ಲಿ ಅಮ್ಮ ಕಿಟಕಿಯ ಬಳಿ ಕೂತು ಬೀದಿಯನ್ನೇ ನೋಡುತ್ತಿದ್ದಳು. ತುಟಿ ಅಲ್ಲಾಡಿದರೆ ಮಾತು ತಿಳಿಯುತ್ತಿತ್ತು. ಆದರೆ ದನಿ? ಒಂದು ದಿನ ಎದುರಿನ ಶಾಲೆಯ ಗಂಟೆ ಬಾರಿಸುವುದನ್ನು ಕಂಡು, "ಅದು ಈಗ ಹೇಗೆ ಕೇಳತ್ತೆ?" ಎಂದು ಮಗಳನ್ನು ಕೇಳಿದಳು. ಏಳು ವರ್ಷದ ಹುಡುಗಿ ಏನು ಹೇಳಬೇಕು? ಹೊಲಿಗೆಯ ಬುಟ್ಟಿಗೆ ಕೈ ಹಾಕಿ, ಹುಡುಕಿ ಹುಡುಕಿ, ಒಂದು ಸ್ಯಾಟಿನ್ ತುಂಡನ್ನು ಅಮ್ಮನ ಅಂಗೈಯಲ್ಲಿಟ್ಟಳು. ಅಮ್ಮ ಅದನ್ನು ಹೆಬ್ಬೆರಳಿನಲ್ಲಿ ಉಜ್ಜಿ ಉಜ್ಜಿ ನೋಡಿ ಅತ್ತಳು, ಆಮೇಲೆ ನಕ್ಕಳು. ಅಲ್ಲಿಂದ ಮುಂದೆ ಅದೇ ಅವರಿಬ್ಬರ ಭಾಷೆಯಾಯಿತು. ಗಾಳಿಗೆ ಒಂದು ಬಟ್ಟೆ, ಅಪ್ಪನ ಗೊರಕೆಗೆ ಗೋಣಿಚೀಲ, ಹೊಸ ಮಾಸ್ತರರ ದನಿಗೆ ಕಚ್ಚುವ ಉಣ್ಣೆ.

"ಅಮ್ಮ ಈಗಲೂ ನಮ್ಮ ಜೊತೇಲೇ ಇದಾರೆ. ಎಂಬತ್ತೊಂದು ವರ್ಷ. ಅಂಚು ಹೊಲಿಯೋದು ಈಗಲೂ ಅವರೇ" ಎಂದಳು ಪರದೆ ಅಕ್ಕ.

ತಂಗಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. ಆಮೇಲೆ, "ಅಷ್ಟು ನಿಜವಾದ ಕಿವಿಯನ್ನ ನಾವು ಸರಿಯಾಗಿ ಬಳಸ್ತಿಲ್ಲ ಅಕ್ಕಾ" ಎಂದಳು. "ಈ ಪೆಟ್ಟಿಗೆಗಳು ಒಂದೇ ಮಟ್ಟದಲ್ಲಿ ಹಾಡಲ್ಲ. ಬೆಳ್ಳಿದು ಕರೀದಕ್ಕಿಂತ ಕೂದಲೆಳೆಯಷ್ಟು ಜೋರು. ಸ್ವಲ್ಪ ಜೋರಾದ್ರೆ ಸಾಕು, ನಮಗೆ ಅದು ಚೆನ್ನಾಗಿದೆ ಅನ್ನಿಸತ್ತೆ, ಜೋರಾಗಿದೆ ಅನ್ನಿಸಲ್ಲ. ಒಂದ್ಸಲ ಮಟ್ಟ ಸಮ ಮಾಡಿ ಕೇಳ್ತೀರಾ?"

"ಕೇಳೋಣ. ಅದರಲ್ಲೇನಿದೆ?"

ಮಾಲೀಕನಿಗೆ ಇದು ಅಷ್ಟು ಹಿಡಿಸಲಿಲ್ಲ. ಆದರೂ ತಂಗಿಯ ಮಾತು ಮೀರುವವನಲ್ಲ. ಮುಂದಿನ ಶನಿವಾರ ಅವಳು ಮೀಟರು ಹಿಡಿದು ಮೂರೂ ಪೆಟ್ಟಿಗೆಗಳ ಮಟ್ಟವನ್ನು ಕೂದಲೂ ನುಸುಳದಂತೆ ಸಮ ಮಾಡಿದಳು. ಪೆಟ್ಟಿಗೆಗಳು ಪರದೆಯ ಹಿಂದೆ, ಜೊತೆಗೆ ತಂಗಿಯೂ ಪರದೆಯ ಹಿಂದೆ. ಒಂದು ರೂಪಾಯಿ ನಾಣ್ಯ ಚಿಮ್ಮಿ ಬಿದ್ದ ಹಾಗೆ ಒಂದನ್ನು ಆರಿಸಿ ಅವಳು ಹಾಕುವುದು, ಯಾವುದೆಂದು ಪರದೆ ಅಕ್ಕ ಹೇಳುವುದು. ಮೊದಲು ಕರಿಯದು, ಬೆಳ್ಳಿಯದು, ಎರಡೇ. ಇಪ್ಪತ್ತು ಸಲ.

ಮೊದಲ ಸಲ ಕೇಳಿದಾಗಲೇ ಪರದೆ ಅಕ್ಕ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳು. ಮಖಮಲ್ಲು ಎಲ್ಲಿ ಹೋಯಿತು? ಹಾಡುವವಳು ಬಂದು ನಿಂತಳು. ಆದರೆ ಎರಡನೆಯ ಸಲವೂ ಅದೇ ಜಾಗದಲ್ಲಿ, ಅದೇ ಮೈಬಣ್ಣದಲ್ಲಿ ಬಂದು ನಿಂತಳು. ಮೂರನೆಯ ಸಲವೂ. ಆಕೆ ಕಣ್ಣು ಮುಚ್ಚಿ ಇಡೀ ಮೈಯನ್ನೇ ಕಿವಿ ಮಾಡಿಕೊಂಡಳು. ಚೆಲ್ಲೊದ ಕಮಾನು ತಂತಿಯನ್ನು ಮುಟ್ಟುವ ಮುಂಚಿನ ಆ ಚೂರು ಸರಕ್ ಎನ್ನುವ ಸದ್ದನ್ನೂ ಕಾದು ಹಿಡಿದಳು. ಅದೂ ಒಂದೇ. ಏಳನೆಯ ಸಲಕ್ಕೆ ಊಹೆ ಹೇಳುವುದನ್ನೇ ನಿಲ್ಲಿಸಿದಳು.

ಮಾಲೀಕ ಮೆಲ್ಲಗೆ, "ಇವತ್ತು ದಣಿದಿರಬೇಕು ಅಕ್ಕ, ಬೇಕಾದ್ರೆ ನಾಳೆ..." ಎಂದ.

"ದಣಿದಿಲ್ಲ ಸರ್" ಎಂದಳು ಆಕೆ. "ಎರಡೂ ಒಂದೇ ಥಾನಿನ ಬಟ್ಟೆ. ನನಗೆ ಬೇರೆ ಅಂತ ಗೊತ್ತಾಗ್ತಿಲ್ಲ. ಅವತ್ತು ನಾನು ಕೇಳಿದ್ದು ಬರೀ ಜೋರು."

ಆಮೇಲೆ ಮರದ ಹಲಗೆಯದನ್ನು ಕರಿಯದರ ಜೊತೆ ಇಟ್ಟು ಕೇಳಿಸಿದರು. ಅದನ್ನು ಮಾತ್ರ ಇಪ್ಪತ್ತರಲ್ಲಿ ಹತ್ತೊಂಬತ್ತು ಸಲ ಸರಿಯಾಗಿ ಗುರುತಿಸಿದಳು. ಅದರ ಒಳಗೆ ಹಳೆಯ ಕಾಲದ ಗಾಜಿನ ವಾಲ್ವುಗಳಿವೆ, ಅವು ದನಿಗೆ ಸ್ವಲ್ಪ ತಮ್ಮದೇ ಬಣ್ಣ ಸೇರಿಸುತ್ತವೆ ಎಂದು ತಂಗಿ ಪರದೆ ಸರಿಸಿ ತೋರಿಸಿದಳು. ಎರಡು ಪುಟ್ಟ ಗಾಜಿನ ಬುರುಡೆಗಳು ಕೆಂಡದ ಹಾಗೆ ಮಿನುಗುತ್ತಿದ್ದವು. ಒಗೆದ ಹತ್ತಿ ಸುಳ್ಳಾಗಿರಲಿಲ್ಲ. ಆದರೆ ಅದು ಪರದೆ ಅಕ್ಕನಿಗೆ ಸಮಾಧಾನ ಕೊಡಲಿಲ್ಲ.

"ಸರ್, ಆ ಮಖಮಲ್ಲಿನ ಚೀಟಿ ತೆಗೆದುಬಿಡಿ."

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎನ್ನುತ್ತಾರಲ್ಲ, ಮಾಲೀಕನ ಮುಖ ಹಾಗಾಯಿತು. ಬೆಳ್ಳಿಯದು ಕರಿಯದಕ್ಕಿಂತ ಮೂರು ಪಟ್ಟು ದುಬಾರಿ. ಅವನು ಚೀಟಿಯನ್ನೇ ನೋಡುತ್ತ ನಿಂತ. ಅವನಿಗೂ ಅದು ಮಖಮಲ್ಲಾಗಿಯೇ ಕೇಳಿತ್ತು, ಎಷ್ಟೋ ಸಂಜೆ. ಕೊನೆಗೆ ಚೀಟಿಯನ್ನು ತೆಗೆದು ಜೇಬಿಗೆ ಹಾಕಿಕೊಂಡು ಹೊರಗೆ ಹೋದ.

ಪರದೆ ಅಕ್ಕ ಆ ವಾರವೆಲ್ಲ ಸರಿಯಾಗಿ ಹೊಲಿಯಲಿಲ್ಲ. ಕಣ್ಣಿನ ಡಾಕ್ಟರು ತನ್ನ ಮಾತು ನಂಬಿ ಆ ಪೆಟ್ಟಿಗೆ ಕೊಂಡಿದ್ದಾರೆ ಎನ್ನುವುದೇ ಮತ್ತೆ ಮತ್ತೆ ನೆನಪಾಗಿ, ಕೊನೆಗೆ ಗಂಡನಿಗೆ ಎಲ್ಲ ಹೇಳಿದಳು. ಗಂಡ, "ಹೋಗಿ ಹೇಳಿಬಿಡು. ಬೈದ್ರೆ ಬೈಸ್ಕೊಂಡು ಬಾ. ಹೊಟ್ಟೆಯೊಳಗೆ ಇಟ್ಕೊಂಡ್ರೆ ಹೊಲಿಗೆಯೆಲ್ಲ ಸೊಟ್ಟಗಾಗತ್ತೆ" ಎಂದ. ಭಾನುವಾರ ಬೆಳಗ್ಗೆ ವಿಳಾಸ ಹುಡುಕಿಕೊಂಡು ಹೋದಳು.

ಡಾಕ್ಟರು ಒಬ್ಬರೇ ಇದ್ದರು. ಎತ್ತರದ ಚಾವಣಿಯ ದೊಡ್ಡ ಹಾಲು, ನುಣುಪು ಕಲ್ಲಿನ ನೆಲ, ಒಂದು ಗೋಡೆಯಿಡೀ ಗಾಜು. ಆಕೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿ, ಬೈಗುಳಕ್ಕೆ ಕಾದು ನಿಂತಳು. ಡಾಕ್ಟರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು.

"ಕೂತ್ಕೊಳ್ಳಮ್ಮ. ನಾನು ದಿನಾ ಮಾಡೋ ಕೆಲಸ ಏನು ಗೊತ್ತಾ? ಒಂದು ಗಾಜು ಇಡ್ತೀನಿ, ಇನ್ನೊಂದು ಇಡ್ತೀನಿ. ಇದು ಚೆನ್ನಾಗಿ ಕಾಣತ್ತಾ, ಇದಾ ಅಂತ ಕೇಳ್ತೀನಿ. ಎಷ್ಟೋ ಜನಕ್ಕೆ ಎರಡೂ ಒಂದೇ ಥರ ಕಾಣ್ತಿರತ್ತೆ. ಆದ್ರೆ ಹೇಳೋಕೆ ಸಂಕೋಚ. ದಡ್ಡರು ಅಂದ್ಕೊಂಡ್ರೆ ಅಂತ ಏನೋ ಒಂದು ಹೇಳಿಬಿಡ್ತಾರೆ. ಅಂಥವರ ಕನ್ನಡಕ ಯಾವತ್ತೂ ಸರಿಹೋಗಲ್ಲ. 'ಡಾಕ್ಟರೇ, ಎರಡೂ ಒಂದೇ' ಅಂತಾರಲ್ಲ, ಅವರ ಕನ್ನಡಕ ನೆಟ್ಟಗಾಗತ್ತೆ."

"ಆದ್ರೆ ನಿಮಗೆ ಮೋಸ ಆಯ್ತಲ್ಲ ಸರ್."

"ಮೋಸ ಯಾಕೆ? ಪೆಟ್ಟಿಗೆ ಚೆನ್ನಾಗೇ ಇದೆ. ನಿಜ ಹೇಳ್ಬೇಕಂದ್ರೆ ಇಲ್ಲಿಗೆ ತಂದ ಮೇಲೆ ನನಗೂ ಮಖಮಲ್ಲು ಸಿಗಲಿಲ್ಲ. ನನ್ನ ಕಿವಿಯೇ ಹೋಗಿದೆ ಅಂದ್ಕೊಂಡೆ." ಅವರು ಅದೇ ಹಾಡು ಹಾಕಿದರು.

ಪರದೆ ಅಕ್ಕ ಕೇಳಿ ಗಾಬರಿಯಾದಳು. ಹಾಡುವವಳು ಒಬ್ಬಳಲ್ಲ, ಐದಾರು ಜನ ಬಂದಿದ್ದರು. ಗಾಜಿನ ಗೋಡೆಯಿಂದೊಬ್ಬಳು, ಚಾವಣಿಯಿಂದೊಬ್ಬಳು, ನೆಲದಿಂದೊಬ್ಬಳು. ಆಕೆ ಎದ್ದು ಹಾಲಿನ ನಡುವೆ ನಿಂತು ಒಂದೇ ಒಂದು ಚಪ್ಪಾಳೆ ತಟ್ಟಿದಳು. ಚಪ್ಪಾಳೆ ಗಾಜಿನ ಚೂರುಗಳಾಗಿ ಉದುರಿ ಎಷ್ಟೋ ಹೊತ್ತಿನ ಮೇಲೆ ಅಡಗಿತು.

"ಸರ್, ಪೆಟ್ಟಿಗೇಲೂ ತಪ್ಪಿಲ್ಲ, ನಿಮ್ಮ ಕಿವೀಲೂ ತಪ್ಪಿಲ್ಲ. ಈ ಮನೆ ಮೈಮೇಲೆ ಬಟ್ಟೆಯೇ ಇಲ್ಲ" ಎಂದಳು. ಅಂದ ಮೇಲೆ ತಾನು ಏನು ಹೇಳಿದೆ ಎಂದು ತಿಳಿದು ಕಿವಿಯವರೆಗೂ ಕೆಂಪಾದಳು. ಡಾಕ್ಟರು ಬಿದ್ದು ಬಿದ್ದು ನಕ್ಕರು. ಆ ನಗುವೂ ಐದಾರು ಸಲ ಕೇಳಿತು.

ಎರಡು ವಾರ ಬಿಟ್ಟು ಆಕೆ ಉಣ್ಣೆ ಬೆರೆಸಿದ ದಪ್ಪ ಬಟ್ಟೆಯ ಪರದೆಗಳನ್ನು ಹೊತ್ತು ಬಂದಳು. ಸಾಲುಸಾಲು ನೆರಿಗೆ, ಒಂದಕ್ಕೆ ಎರಡರಷ್ಟು ಬಟ್ಟೆ. ಈ ಸಲ ಅಮ್ಮನನ್ನೂ ಕರೆತಂದಿದ್ದಳು, ಅಂಚಿನ ಕೊನೆಯ ಹೊಲಿಗೆ ಪರದೆ ತೂಗುಬಿಟ್ಟ ಮೇಲೆಯೇ ಆಗಬೇಕು ಎಂದು ಅಮ್ಮನ ಹಟ. ಪರದೆಗಳು ಒಂದೊಂದಾಗಿ ಏರಿದ ಹಾಗೆ ಆ ಹಾಲು ತಗ್ಗಿದ ದನಿಯಲ್ಲಿ ಮಾತಾಡತೊಡಗಿತು. ಹೆಜ್ಜೆ ಸಪ್ಪಳ ಮೆತ್ತಗಾಯಿತು. ಮಧ್ಯಾಹ್ನದ ಬೆಳಕು ಬಟ್ಟೆಯೊಳಗಿಂದ ಸೋಸಿ ಬಂದು ಜೇನಿನ ಬಣ್ಣಕ್ಕೆ ತಿರುಗಿತು. ಆಮೇಲೆ ಡಾಕ್ಟರು ಹಾಡು ಹಾಕಿದರು.

ಒಬ್ಬಳೇ ಬಂದಳು. ಬಂದು, ಸ್ಪೀಕರುಗಳ ನಡುವೆ ಬರಿಗಾಲಲ್ಲಿ ನಿಂತು, ಉಸಿರು ಎಳೆದುಕೊಂಡು ಹಾಡಿದಳು. ಡಾಕ್ಟರು ಕುರ್ಚಿಯ ಅಂಚಿಗೆ ಸರಿದು ಕೂತವರು ಹಾಗೆಯೇ ಕೂತರು. ಪೆಟ್ಟಿಗೆ ಬದಲಿಸಿದ್ದರೆ ಇದರ ಹತ್ತರಲ್ಲೊಂದು ಪಾಲು ವ್ಯತ್ಯಾಸವೂ ಆಗುತ್ತಿರಲಿಲ್ಲ.

ಅಮ್ಮ ಅದೇನು ಇಬ್ಬರೂ ಹೀಗೆ ಅಲುಗಾಡದೆ ಇದ್ದಾರೆ ಎಂದು ಸುತ್ತ ನೋಡಿದಳು. ಎದ್ದು ಹೋಗಿ ಸ್ಪೀಕರಿನ ಮರದ ಮೈಮೇಲೆ ಅಂಗೈ ಊರಿದಳು. ಚೆಲ್ಲೊ ಆಗಷ್ಟೇ ತಗ್ಗಿನ ಸ್ವರಕ್ಕೆ ಇಳಿದಿತ್ತು. ಅಮ್ಮನ ಹುಬ್ಬು ಮೇಲೇರಿತು.

"ಇದು ಹೇಗೆ ಕೇಳತ್ತೆ?" ಎಂದಳು, ತನಗೆ ಕೇಳದ ಆ ದೊಡ್ಡ ದನಿಯಲ್ಲಿ.

ಪರದೆ ಅಕ್ಕ ಚೀಲದಿಂದ ಒಂದು ಕಂದು ಮಖಮಲ್ಲಿನ ತುಂಡು ತೆಗೆದು ಕೊಟ್ಟಳು. ಅಮ್ಮ ಒಂದು ಕೈಯಲ್ಲಿ ಅದನ್ನು ಉಜ್ಜಿ, ಇನ್ನೊಂದು ಕೈ ಸ್ಪೀಕರಿನ ಮೇಲೆಯೇ ಇಟ್ಟು, ಅಲ್ಲ ಎಂದು ತಲೆ ಅಲ್ಲಾಡಿಸಿದಳು. ತಾನೇ ಚೀಲಕ್ಕೆ ಕೈ ಹಾಕಿ ತಡಕಾಡಿ, ಟೆಂಟಿಗೆ ಬಳಸುವ ಒರಟು ಕ್ಯಾನ್ವಾಸಿನ ಚೂರನ್ನು ಎಳೆದು ಮಗಳ ಕೈಗೆ ತುರುಕಿದಳು. "ಇದು. ನಿನಗೆ ಗೊತ್ತಾಗಲ್ಲ ಸುಮ್ನಿರು."

ನಲವತ್ತೈದು ವರ್ಷದಲ್ಲಿ ಅಮ್ಮ ಮಗಳಿಗೆ ದನಿಯನ್ನು ಹೇಳಿಕೊಟ್ಟದ್ದು ಅದೇ ಮೊದಲು. ಪರದೆ ಅಕ್ಕನಿಗೆ ನಗು ಬಂತು. ಕ್ಯಾನ್ವಾಸನ್ನು ಬೆರಳಲ್ಲಿ ಹಿಡಿದೇ ಮತ್ತೆ ಕೇಳಿದಳು. ಕೇಳುತ್ತ ಕೇಳುತ್ತ, ಆ ನುಣುಪಿನ ಅಡಿಯಲ್ಲಿ ಕಮಾನು ತಂತಿಯನ್ನು ಉಜ್ಜುವ ಒರಟು ಎಳೆ ಒಂದೊಂದಾಗಿ ಸಿಕ್ಕಿತು. ಗಾಳಿ ತುಂಬಿದ ದೊಡ್ಡ ಟೆಂಟಿನ ಹಾಗೆ ಇಡೀ ದನಿ ಉಬ್ಬಿ ಇಳಿಯುತ್ತಿತ್ತು. ಮುಖ ಗೋಡೆಗೆ ತಿರುಗಿಸಿಕೊಂಡು ಕಣ್ಣೊರೆಸಿಕೊಂಡಳು.

ಸುದ್ದಿ ಹರಡಿತು. ಡಾಕ್ಟರ ಮನೆಗೆ ಬಂದವರು ತಮ್ಮ ಮನೆಯ ಹಾಲನ್ನೂ ನೋಡಿ ಹೋಗು ಎಂದು ಪರದೆ ಅಕ್ಕನನ್ನು ಕರೆದರು. ಮಾಲೀಕನ ಮುನಿಸು ಒಂದು ತಿಂಗಳು ಇತ್ತು. ಆಮೇಲೆ ಒಂದು ಶನಿವಾರ ಅವನೇ ಆಕೆಯ ಮನೆಯ ಬಾಗಿಲಿಗೆ ಬಂದು, ಚಪ್ಪಲಿ ಬಿಡುತ್ತಲೇ, "ನನ್ನ ಪೆಟ್ಟಿಗೆ ಮಾರಾಟಕ್ಕೆ ಕಲ್ಲು ಹಾಕಿದ್ರಿ ಅಕ್ಕಾ. ಈಗ ನನ್ನ ಗಿರಾಕಿಗಳ ಮನೆಗೆಲ್ಲ ಪರದೆ ಹಾಕಿ. ಪೆಟ್ಟಿಗೆ ಜೊತೆ ನಿಮ್ಮ ಹೆಸರನ್ನೂ ಹೇಳ್ತೀನಿ" ಎಂದ. ಅಂಗಡಿಯಲ್ಲಿ ಈಗ ಮಟ್ಟ ಸಮ ಮಾಡದೆ ಯಾವ ಪೆಟ್ಟಿಗೆಯನ್ನೂ ಕೇಳಿಸುವುದಿಲ್ಲ. ಕೆಲವು ಗಿರಾಕಿಗಳು ಎರಡೂ ಒಂದೇ ಎಂದು ಹೇಳಿ ಅಗ್ಗದ್ದನ್ನು ಒಯ್ಯುತ್ತಾರೆ, ಇನ್ನು ಕೆಲವರು ಹಾಗೆ ಹೇಳಿಯೂ ಬೆಳ್ಳಿಯದನ್ನೇ ಒಯ್ಯುತ್ತಾರೆ, ನೋಡಲು ಚೆಂದ ಎಂದು.

ತಂಗಿ ಆ ಚಳಿಗಾಲದಲ್ಲಿ ತಾನೇ ಒಂದು ಕನ್ವರ್ಟರ್ ಕಟ್ಟಲು ಕೂತಳು. ಬಿಸ್ಕತ್ತಿನ ತಗಡಿನ ಡಬ್ಬಿಯೊಳಗೆ ತಂತಿಗಳ ಗೂಡು. ಒಂದೊಂದು ಬಿಡಿಭಾಗ ಬದಲಿಸಿದಾಗಲೂ ಪರದೆ ಅಕ್ಕನನ್ನು ಕರೆಯುತ್ತಿದ್ದಳು. ಇಬ್ಬರೂ ಮಧ್ಯಾಹ್ನಗಳಲ್ಲಿ ದೀಪ ತಗ್ಗಿಸಿ ಕೂರುವರು. ಕೆಲವೊಮ್ಮೆ ಆಕೆ, "ಹೂಂ, ಇದು ಬೇರೆ" ಎನ್ನುವಳು. ಬಹಳ ಸಲ, "ನನಗೇನೂ ಗೊತ್ತಾಗ್ತಿಲ್ಲ ಕಣಮ್ಮ, ಇನ್ನೊಂದ್ಸಲ ಹಾಕು" ಎನ್ನುವಳು. ಹಾಗೆ ಎಂದಾಗಲೆಲ್ಲ ತಂಗಿ ತನ್ನ ಪುಸ್ತಕದಲ್ಲಿ ಒಂದು ಸಣ್ಣ ಗೆರೆ ಎಳೆದು, ಆ ಬಿಡಿಭಾಗದ ಗೊಡವೆ ಬಿಟ್ಟು ಮುಂದಕ್ಕೆ ಹೋಗುವಳು. ನಾಲ್ಕು ತಿಂಗಳಿಗೆ ಡಬ್ಬಿಯ ಕೆಲಸ ಮುಗಿಯಿತು. ಅವತ್ತು ಹಾಡು ಮುಗಿದು ತಂಗಿ ತಿರುಗಿ ನೋಡಿದರೆ, ಪರದೆ ಅಕ್ಕ ಕುರ್ಚಿಯಲ್ಲಿ ತಲೆ ವಾಲಿಸಿ, ತುಟಿ ಕೊಂಚ ತೆರೆದು, ಸೊಂಪಾಗಿ ನಿದ್ದೆ ಹೋಗಿದ್ದಳು. ಇದಕ್ಕಿಂತ ಒಳ್ಳೆಯ ಚೀಟಿ ಯಾವುದು ಎಂದುಕೊಂಡ ತಂಗಿ ಎಬ್ಬಿಸಲಿಲ್ಲ. ದನಿಯನ್ನು ಇನ್ನಷ್ಟು ತಗ್ಗಿಸಿ ಮುಂದಿನ ಹಾಡು ಹಾಕಿ, ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಹೋಗಿ, ಮಾತು ಶುರುಮಾಡಲಿದ್ದ ಅಣ್ಣನಿಗೆ ಸುಮ್ಮನಿರು ಎಂದು ಸನ್ನೆ ಮಾಡಿದಳು.